ಮಿಯೊಳ ಕಪಾಟಿಗೆ ಕೊನೆಯ ಕೈ

ಕಿಸಾಬುರೊ ಅಜ್ಜ ಬಡಗಿಯಲ್ಲ. ಆಯುಷ್ಯವೆಲ್ಲ ಬೇರೆಯವರು ಮಾಡಿಕೊಟ್ಟ ಮರದ ಸಾಮಾನಿಗೆ ಬಣ್ಣ ಬಳಿದವನು. ಕೈ ನಡುಗತೊಡಗಿ ಕುಂಚ ಕೆಳಗಿಟ್ಟ ಮೇಲೆ, ಮೊಮ್ಮಗಳು ಮಿಯೊಳ ಮದುವೆಗೆಂದು ಹಿತ್ತಿಲಲ್ಲಿ ಕೂತು ತಾನೇ ಒಂದು ಕಪಾಟು ಮಾಡಿದ. ಸೊಂಟದೆತ್ತರದ್ದು, ಎರಡು ಬಾಗಿಲಿನದು. ಎಡಬಾಗಿಲು ಬಲಬಾಗಿಲಿಗಿಂತ ಕೂದಲೆಳೆಯಷ್ಟು ಅಗಲವಾಯಿತು. ನಮ್ಮೂರ ಬಡಗಿಗಳು ಬಂದು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ಹೋದರು. "ನಗಲಿ ಬಿಡಿ, ಬಣ್ಣ ಹತ್ತಿದ ಮೇಲೆ ಬಂದು ನಗಲಿ," ಎಂದ ಅಜ್ಜ.

ಆ ಮಾತು ಹೇಳಿದ್ದು ಹಿರಿಸೊಸೆ ಶಿಗೆನೊಳನ್ನು ನೋಡಿಕೊಂಡು. ಅಥವಾ ಅವಳು ಹಾಗೆ ತಿಳಿದುಕೊಂಡಳು. ಮಿಯೊ ಅವಳ ಮಗಳು. ಮನೆಯ ಗಂಡಸರಿಬ್ಬರೂ, ಅಣ್ಣತಮ್ಮ, ಊರೂರು ತಿರುಗಿ ಬಟ್ಟಲು ಮಾರುವವರು. ಬಣ್ಣದ ಕೆಲಸ ಇಬ್ಬರು ಸೊಸೆಯರದು.

ಚಳಿ ಬಿಟ್ಟಾಗಿನಿಂದ ಶಿಗೆನೊ ಕಪಾಟಿನ ಮುಂದೆ ಕೂತಳು. ಮರದ ಸಂದುಗಳಿಗೆ ಅಂಟು ಮೆತ್ತಿ, ಮೇಲೆ ಬಟ್ಟೆ ಅಂಟಿಸಿ, ಉರುಶಿ ಮರದ ಹಾಲಿಗೆ ಜೇಡಿಮಣ್ಣು ಕಲಸಿ ಸವರಿ, ಒಣಗಿದ ಮೇಲೆ ಸಾಣೆಕಲ್ಲಿನಿಂದ ನೀರು ಹಾಕಿ ಉಜ್ಜಿದಳು. ಮತ್ತೆ ಸವರಿದಳು, ಮತ್ತೆ ಉಜ್ಜಿದಳು. ನಡುಬಣ್ಣ ಬಳಿದು ಇದ್ದಿಲಿನಿಂದ ತಿಕ್ಕಿದಳು. ಬೆರಳ ತುದಿಯ ಗೆರೆ ಸವೆದು ಹೋಯಿತು. ಒಡಲಿಗೆ ಕಂದು ಬಣ್ಣ ಅವಳೇ ಮುಗಿಸಿದಳು. ಉಳಿದದ್ದು ಬಾಗಿಲುಗಳ ಕೆಂಪು, ಕೊನೆಯ ಕೈ. ಅಷ್ಟು ದಿನದ ಉಜ್ಜಾಟ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣುವುದು ಆ ಒಂದು ಕೈ ಮಾತ್ರ.

"ಕೊನೇ ಕೈ ಇತ್ಸುಕೊ ಹೊಡೀಲಿ," ಎಂದ ಅಜ್ಜ, ಊಟದ ಹೊತ್ತಿಗೆ.

ಶಿಗೆನೊ ಅನ್ನದ ಸಟ್ಟುಗ ಪಾತ್ರೆಯಲ್ಲಿಟ್ಟಳು. ಇತ್ಸುಕೊ ಅವಳ ಓರಗಿತ್ತಿ, ಕಡಲ ಕಡೆಯಿಂದ ಬಂದ ಕಿರಿಸೊಸೆ.

"ಯಾಕೆ ಮಾವ, ನನ್ನ ಕೈಗೇನಾಗಿದೆ?"

"ಏನೋ ಆಗಿದೆ ಅಂತ ನಾನೆಲ್ಲಿ ಅಂದೆ? ಹುಡುಗೀನೇ ಕೇಳಿದ್ದು."

ಮಿಯೊ ಸಾರಿನ ಬಟ್ಟಲಿನೊಳಗೆ ಮುಖ ಹಾಕಿದ್ದಳು. "ಅಮ್ಮ, ನೀನು ಆಗ್ಲೇ ಅಷ್ಟೊಂದು ಮಾಡಿದೀಯಲ್ಲ. ಚಿಕ್ಕಮ್ಮ ಹೊಡೆದ್ರೆ ಅದೊಂಥರಾ ನಿಂತ ನೀರಿನ ಹಾಗಿರುತ್ತೆ."

"ನಾನು ಹೊಡೆದ್ರೆ?"

"ನೀನು ಹೊಡೆದ್ರೂ ಚೆನ್ನಾಗೇ ಇರುತ್ತೆ."

ಆ 'ಚೆನ್ನಾಗೇ' ಶಿಗೆನೊಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. "ನಂಗ್ಯಾಕೆ ಅಕ್ಕಾ, ನೀವೇ ಹೊಡೀರಿ," ಎಂದು ಇತ್ಸುಕೊ ಅಂದದ್ದು ಇನ್ನೂ ಕೆಟ್ಟದಾಯಿತು. ಬೇಡ ಎನ್ನುವವಳ ಕಣ್ಣು ಆಗಲೇ ಬಾಗಿಲುಗಳ ಮೇಲಿತ್ತು.

"ಹುಡುಗಿ ಆಸೆ ಪಟ್ಟಿದಾಳೆ, ಹೊಡಿ," ಎಂದಳು ಶಿಗೆನೊ.

ಮಾರನೆಯ ದಿನ ತೋಫು ಮಾರುವ ಒಸೆಕಿ ಬಾಗಿಲಲ್ಲೇ ಬುಟ್ಟಿ ಇಳಿಸಿದಳು. "ಏನ್ ಶಿಗೆನೊ, ಬೆಂಕಿ ಊದಿ ಅನ್ನ ಬೇಯಿಸಿದ್ದು ನೀನು, ಬಡಿಸೋಳು ಅವಳಂತೆ?"

"ನಿನ್ನ ತೋಫು ಹುಳಿ ಬಂದಿದೆ, ಮೊದಲು ಅದು ನೋಡ್ಕೋ."

"ತೋಫು ಹುಳಿ ಬಂದಿಲ್ಲಮ್ಮ, ಹುಳಿ ಬಂದಿರೋದು ಬೇರೆ ಯಾವುದೋ," ಎಂದು ಒಸೆಕಿ ಬುಟ್ಟಿ ಹೊತ್ತಳು.

ಇತ್ಸುಕೊ ಬಣ್ಣದ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ, ಧೂಳು ಅಡಗಿದ ಮೇಲೆ ತಲೆಗೆ ಬಟ್ಟೆ ಬಿಗಿದು ಒಳಗೆ ಹೋದಳು. ಅವಳ ಕುಂಚ ಅವಳ ಅಮ್ಮನ ಕೂದಲಿನದು. ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಹೆಂಗಸರ ಕೂದಲಿಗೆ ಸಮನಾದ ಕುಂಚ ಇಲ್ಲವೆಂದು ನಮ್ಮೂರಲ್ಲಿ ಎಲ್ಲರೂ ಬಲ್ಲರು. ಕುಂಚವೂ ಅವಳದೇ ಒಳ್ಳೆಯದು, ಎಂದುಕೊಂಡಳು ಶಿಗೆನೊ. ಕದದ ಸಂದಿನಿಂದ ಕುಂಚ ಹೋಗಿಬರುವುದು ಕಾಣುತ್ತಿತ್ತು. ಒಂದು ಕಡೆಯೂ ತಡೆಯಲಿಲ್ಲ. ಎಲ್ಲಿಯಾದರೂ ತಡೆಯಲಿ ಎಂದು ಕಾದು ಅವಳ ಕತ್ತು ನೋಯಿತು.

ಉರುಶಿ ಹಾಲಿನ ಈ ಬಣ್ಣ ಬಿಸಿಲಲ್ಲಿ ಒಣಗುವುದಿಲ್ಲ, ತೇವದಲ್ಲಿ ಒಣಗುತ್ತದೆ. ಅದಕ್ಕೇ ಬಳಿದ ಸಾಮಾನನ್ನು ದೇವದಾರು ಹಲಗೆಯ ಗೂಡಿನಲ್ಲಿಟ್ಟು, ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಗಳನ್ನು ಒಳಗೇ ಬಿಟ್ಟು, ಮುಚ್ಚುತ್ತಾರೆ. ಬಣ್ಣ ಗಟ್ಟಿಯಾಗುವವರೆಗೆ ಬಳಿದವರಲ್ಲದೆ ಬೇರೆಯವರು ಅದನ್ನು ತೆರೆಯುವ ಹಾಗಿಲ್ಲ. ಇತ್ಸುಕೊಗೆ ಕೆಲಸವನ್ನೆಲ್ಲ ಕಲಿಸಿದವಳೇ ಶಿಗೆನೊ. ಆದರೆ ಪ್ಲಮ್ ಹಣ್ಣಾಗುವ ಮಳೆಗಾಲದಲ್ಲಿ ಗೂಡು ತನ್ನಷ್ಟಕ್ಕೇ ಬೆವರುತ್ತದೆ, ಆಗ ಹಲಗೆ ಒರೆಸಬಾರದು ಎಂಬುದೊಂದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಮಳೆಗಾಲದಲ್ಲಿ ಬಳಿಯುವುದನ್ನೂ ಗೂಡನ್ನೂ ತಾನೇ ನೋಡಿಕೊಳ್ಳುತ್ತಿದ್ದಳು. ಈಗ ಮಳೆ ಹಿಡಿದಿತ್ತು. ಇತ್ಸುಕೊ ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು ಹೋದಳು, ಬಟ್ಟೆ ತೋಯಿಸಿದ ಸದ್ದು ಕೇಳಿತು, ಶಿಗೆನೊ ಮೂಲಂಗಿ ಹೆಚ್ಚುತ್ತಲೇ ಇದ್ದಳು. ಕೇಳಿದ್ದರೆ ಹೇಳುತ್ತಿದ್ದೆ, ಕೇಳಲಿಲ್ಲವಲ್ಲ, ಎಂದುಕೊಂಡಳು.

ಇತ್ಸುಕೊ ಬಣ್ಣ ಒಂದೆಡೆ ಇಳಿಯದಂತೆ ಬಾಗಿಲುಗಳನ್ನು ಆಗಾಗ ಮಗುಚಿಟ್ಟು, ಕೊನೆಗೆ ಸೊಪ್ಪು ತರಲು ಹೋದಳು. ಶಿಗೆನೊ ಚಾಕು ಕೆಳಗಿಟ್ಟಳು. ಹಾಳಾಗಿದೆಯೋ ನೋಡಬೇಕಿತ್ತು. ಗೂಡಿನ ಕದ ಸರಿಸಿದಾಗ ಒಳಗಿನ ತೇವ ಮುಖಕ್ಕೆ ಬಡಿಯಿತು. ಹಲಗೆಯ ತುಂಬ ನೀರಿನ ಹನಿ. ಬಾಗಿಲುಗಳು ನಿಜಕ್ಕೂ ನಿಂತ ನೀರಿನ ಹಾಗೇ ಇದ್ದವು; ಅವಳದೇ ಮುಖ ಅದರಲ್ಲಿ ಕೆಂಪಗೆ ಕಂಡಿತು. ಬಗ್ಗಿ ಮೆಲ್ಲಗೆ ಉಸಿರು ಬಿಟ್ಟಳು. ಉಸಿರು ಬಿದ್ದ ಕಡೆ ನೀಲಿ ಮಸುಕು ಎದ್ದಿತು. ನೀಲಿ ಎದ್ದರೆ ಬಣ್ಣ ಕಟ್ಟುತ್ತಿದೆ ಎಂದು ಅರ್ಥ, ಅದು ಏಳಬೇಕಾದ್ದು ನಾಳೆ. ಹೀಗೇ ಬಿಟ್ಟರೆ ಮೇಲಿನ ಪದರ ಬಿಗಿದು, ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ.

ಮೊದಲು ಅವಳಿಗೆ ಸಂತೋಷವಾಯಿತು. ಚೆನ್ನಾಗಿಯೇ ಆಯಿತು. ಕದ ಮುಚ್ಚಿ ಹೋದರೆ ಮುಗಿಯಿತು, ಯಾರೂ ಅವಳನ್ನು ಕೇಳುವಂತಿಲ್ಲ. ಕೈ ಕದದ ಮೇಲೆಯೇ ಇತ್ತು. ಆದರೆ ಆ ಕೆಂಪಿನ ಕೆಳಗಿದ್ದದ್ದು ಅವಳ ಮಣ್ಣು, ಅವಳ ಬಟ್ಟೆ, ಅವಳ ಬೆರಳಿನ ಚರ್ಮ. ಸುಕ್ಕು ಬಿದ್ದರೆ ಕೆಂಪನ್ನು ಕೆರೆಯುವಾಗ ಅವೆಲ್ಲವೂ ಹೋಗುತ್ತವೆ. ಮಿಯೊ ಈ ಕಪಾಟನ್ನು ಅತ್ತೆಮನೆಯಲ್ಲಿ ಎಲ್ಲಿಡುತ್ತೇನೆಂದು ಹೇಳುತ್ತಿದ್ದದ್ದೂ ನೆನಪಾಯಿತು. ಶಿಗೆನೊ ಬೈದುಕೊಳ್ಳುತ್ತಾ ಒದ್ದೆ ಬಟ್ಟೆಗಳನ್ನು ಹೊರಗೆಳೆದಳು, ಒಣಬಟ್ಟೆಯಿಂದ ಹಲಗೆ ಒರೆಸಿದಳು, ತೇವ ಹೋಗಲೆಂದು ಕದವನ್ನು ಒಂದು ಗೇಣು ತೆರೆದಿಟ್ಟಳು. ಸಾಕಷ್ಟು ಹೊತ್ತಾದ ಮೇಲೆ ಮುಚ್ಚಿದಳು. ತೆಗೆದ ಬಟ್ಟೆ ಹಿಂಡಿ ಕಿಟಕಿಯ ಸರಳಿಗೆ ಹಾಕಿದ್ದು ಮರೆತೇ ಹೋಯಿತು.

ಬಣ್ಣ ಗಟ್ಟಿಯಾದ ದಿನ ಅಜ್ಜ ಎಲ್ಲರ ಮುಂದೆ ಗೂಡು ತೆರೆದ. ಬಲಬಾಗಿಲು ಎತ್ತಿ ಬೆಳಕಿಗೆ ಹಿಡಿದು ಮಾತಾಡಲಿಲ್ಲ. ಅವನು ಮಾತಾಡದಿದ್ದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಎಡಬಾಗಿಲು ಎತ್ತಿದ. ನಡುಮಧ್ಯದಲ್ಲಿ, ರೆಕ್ಕೆ ಅಗಲಿಸಿಕೊಂಡು, ಒಂದು ಸಣ್ಣ ಮಳೆಸೊಳ್ಳೆ ಬಣ್ಣದೊಳಗೆ ಮಲಗಿತ್ತು.

"ಗೂಡು ತೆಗೆದವರ್ಯಾರು?"

ಇತ್ಸುಕೊಳ ಕಣ್ಣು ಕಿಟಕಿಯ ಸರಳಿನಲ್ಲಿದ್ದ ಬಟ್ಟೆಯ ಮೇಲೆ ನಿಂತಿತು. ಆಮೇಲೆ ಮಳೆಯ ಕಡೆ. ಆಮೇಲೆ ಶಿಗೆನೊಳ ಕಡೆ. ಅವಳಿಗೆ ಎಲ್ಲ ಗೊತ್ತಾಯಿತೆಂದು ಶಿಗೆನೊಗೆ ಗೊತ್ತಾಯಿತು.

"ನಾನೇ ಮಾವ," ಎಂದಳು ಇತ್ಸುಕೊ. "ನೀರು ಜಾಸ್ತಿ ಆಯ್ತು ಅನ್ನಿಸ್ತು, ತೆಗೆದೆ."

ಶಿಗೆನೊಗೆ ಸಿಟ್ಟು ಬಂತು. ಕೈಗೆಲಸದಲ್ಲಿ ಗೆದ್ದದ್ದು ಸಾಲದೆಂದು ಒಳ್ಳೆಯತನದಲ್ಲೂ ಗೆಲ್ಲಬೇಕೇ ಇವಳು?

"ಸುಳ್ಳು ಹೇಳ್ತಾಳೆ. ತೆಗೆದಿದ್ದು ನಾನು."

"ನೀನ್ಯಾಕೆ ತೆಗೆದೆ?"

"ಹಾಳಾಗಿದೆಯಾ ನೋಡೋಕೆ."

"ಹಾಳಾಗ್ಲಿ ಅಂತ ಅಲ್ಲ ತಾನೇ?"

"ಅದೂ ಸ್ವಲ್ಪ ಇತ್ತು ಮಾವ."

ಮಿಯೊ "ಅಮ್ಮ" ಎಂದು ನಗಲಾರದೆ ಅಳಲಾರದೆ ನಿಂತಳು. ಅಜ್ಜ ಸೊಳ್ಳೆಯನ್ನು ಇನ್ನೊಮ್ಮೆ ನೋಡಿದ. "ಈ ಬಾಗಿಲು ತಿಕ್ಕಿ ಮತ್ತೆ ಹೊಡೀಬೇಕು. ಸೊಳ್ಳೆ ಕರೆದೋಳೇ ಹೊಡೀಲಿ."

ಬೇಕೆಂದು ಅಷ್ಟು ಉರಿದ ಕೆಲಸ ಕೈಗೆ ಬಂದಾಗ ಶಿಗೆನೊಗೆ ಅದು ಬೇಡವೆನಿಸಿತು. ಒಂದೇ ಕಪಾಟಿನಲ್ಲಿ ಇಬ್ಬರ ಬಾಗಿಲು, ಅಕ್ಕಪಕ್ಕ, ಮಿಯೊ ಬದುಕಿರುವವರೆಗೂ. ಇದ್ದಿಲು ಹಿಡಿದು ಕೂತು ಸೊಳ್ಳೆಯನ್ನು ತಿಕ್ಕಿ ತೆಗೆದಳು. ಬಳಿಯುವಾಗ ಮೂಲೆಗಳಲ್ಲಿ ಬಣ್ಣ ನಿಲ್ಲದಂತೆ ಕುಂಚ ಎತ್ತಿ, ಅದನ್ನು ಒಳಕ್ಕೆ ಎಳೆದುಕೊಂಡು ಬಂದಳು. ಹಳೆಯ ಕೈಗೆ ಅದು ಯೋಚಿಸದೆ ಬರುವ ಕೆಲಸ. ಗೂಡಿನ ಹಲಗೆ ಒರೆಸಲಿಲ್ಲ. ಯಾಕೆ ಒರೆಸಲಿಲ್ಲವೆಂದು ಇತ್ಸುಕೊ ಕೇಳಿದಾಗ ಮಳೆಯ ವಿಷಯವನ್ನೆಲ್ಲ ಹೇಳಿದಳು.

ಬಾಗಿಲುಗಳನ್ನು ಕಪಾಟಿಗೆ ಕೂರಿಸಿದ ದಿನ ಮಿಯೊ ಹಿಂದೆ ಮುಂದೆ ಸರಿದು ನೋಡಿ, "ಯಾವುದು ಯಾರದ್ದು ಅಂತ ನಂಗೆ ಗೊತ್ತಾಗಲ್ಲಪ್ಪ," ಎಂದು ಒಳಗೆ ಹೋದಳು. ಶಿಗೆನೊಗೆ ಗೊತ್ತಾಗುತ್ತಿತ್ತು. ಬಲಬಾಗಿಲಿನ ನಡುಭಾಗದ ಆ ನೀರಿನ ಶಾಂತಿ ಎಡದಕ್ಕೆ ಬಂದಿರಲಿಲ್ಲ. ಹಳೆಯ ಮುಳ್ಳು ಗಂಟಲಲ್ಲಿ ಮತ್ತೆ ಮಿಸುಕಿತು.

ಇತ್ಸುಕೊ ಮಾತ್ರ ಎಡಬಾಗಿಲಿನ ಮುಂದೆ ಮಂಡಿಯೂರಿದವಳು ಏಳಲಿಲ್ಲ. ಮುಟ್ಟದೆ ಬೆರಳನ್ನು ಮೂಲೆಯಿಂದ ಮೂಲೆಗೆ ಒಯ್ದಳು. ತನ್ನ ಬಾಗಿಲಿನ ಮೂಲೆ ನೋಡಿದಳು, ಅಲ್ಲಿ ಬಣ್ಣ ಒಂದಿಷ್ಟು ದಪ್ಪಗೆ ಕೂತಿತ್ತು. ಮತ್ತೆ ಇತ್ತ ತಿರುಗಿದಳು.

"ನಿಮ್ಮದ್ರಲ್ಲಿ ಬಣ್ಣ ಮೂಲೇಲಿ ಕೂತೇ ಇಲ್ವಲ್ಲ ಅಕ್ಕಾ," ಎಂದಳು. ನಗುತ್ತಲೇ ಅಂದಳು, ಆದರೆ ತುಟಿ ಒಂದು ಕಡೆಗೆ ಎಳೆದಿತ್ತು. "ಅದು ಹೇಗೆ ಬಂತು?"

ಆ ದನಿ ಶಿಗೆನೊಗೆ ಚೆನ್ನಾಗಿ ಪರಿಚಯ, ಇಷ್ಟು ದಿನ ಅದು ಅವಳದೇ ಆಗಿತ್ತು. ಅದೆಲ್ಲಿಂದ ಹೊರಡುತ್ತದೆ, ಹೊರಡುವಾಗ ಎಲ್ಲೆಲ್ಲಿ ಸುಡುತ್ತದೆ ಎಲ್ಲ ಬಲ್ಲಳು. ಗಂಟಲಿನ ಮುಳ್ಳು ಜಾರಿತು.

"ಏನೋ ಬಂದ್ಬಿಡ್ತು ಕಣೆ," ಎಂದಳು. "ಟೀ ಕುಡೀತೀಯಾ?"