ಸಂಜೆ ಆರರ ಚೀಟಿ

ಬೆಳಿಗ್ಗೆ ಒಂಬತ್ತಾಗಿ ಹತ್ತು ನಿಮಿಷಕ್ಕೆ ಮಾನ್ವಿಯ ಡಯಾಲಿಸಿಸ್ ಕೇಂದ್ರದಿಂದ ಅಲ್ಲಾಉದ್ದೀನ್ ಫೋನ್ ಮಾಡಿದ.

"ಮೌನೇಶ್ವರಿ ಮೇಡಂ, ನಾಕೂ ಮಷಿನ್ ಖಾಲಿ ಕುಂತಾವ್ರೀ. ಬಾಗಲವಾಡದ ತಿಮ್ಮವ್ವ ಒಂದಿನಾನೂ ತಪ್ಪಿಸಿದಾಕಿ ಅಲ್ಲ. ಫೋನ್ ಹತ್ತವಲ್ದು."

ಮೌನೇಶ್ವರಿ ರಾಯಚೂರಿನ ಕಚೇರಿಯಲ್ಲಿ ಕಂಪ್ಯೂಟರ್ ತೆರೆದಳು. ಮೊನ್ನೆಯವರೆಗೆ ಅಲ್ಲಾಉದ್ದೀನನೇ ರೋಗಿಗಳಿಗೆ ಫೋನ್ ಮಾಡಿ ಕರೆಯುತ್ತಿದ್ದ. ನಿನ್ನೆಯಿಂದ ಆ ಕೆಲಸ ಅವಳು ಬರೆದ ಪ್ರೋಗ್ರಾಂನದು. ಸಂಜೆ ಆರಕ್ಕೆ ಸರ್ವರ್ ತಾನಾಗಿಯೇ ಒಬ್ಬೊಬ್ಬರಿಗೂ ಮರುದಿನದ ಚೀಟಿಯ ಪುಟ ತಯಾರಿಸಿ ಮೊಬೈಲಿಗೆ ಕಳಿಸುತ್ತದೆ.

ನಿನ್ನೆ ಸಂಜೆ ತಿಮ್ಮವ್ವನಿಗೆ ಹೋದ ಚೀಟಿ: ನಾಳೆ ಒಂಬತ್ತಕ್ಕೆ, ದೇವದುರ್ಗ ಕೇಂದ್ರ.

ಮಾನ್ವಿಗೆ ಒಂಬತ್ತಕ್ಕೆ ಬರಬೇಕಿದ್ದ ನಾಲ್ವರದೂ ಹಾಗೇ ಇತ್ತು. ಮಾನ್ವಿಯಲ್ಲಿ ಮಷಿನ್ ಕೆಟ್ಟರೆ ರೋಗಿಗಳನ್ನು ದೇವದುರ್ಗಕ್ಕೆ ಕಳಿಸುವುದು ರೂಢಿ. ಯಾರಿಗೂ ಅನುಮಾನ ಬಂದಿರಲಿಕ್ಕಿಲ್ಲ.

ಮಾನ್ವಿಯಲ್ಲಿ ಅಲ್ಲಾಉದ್ದೀನನ ಮೇಜಿನ ಮುಂದೆ ಕೂತು, ಅವನ ಲಾಗಿನ್‌ನಲ್ಲೇ ಪರೀಕ್ಷಿಸಿದಾಗ ಎಲ್ಲ ಸರಿಯಿತ್ತಲ್ಲ? ಸರಿಯಿದ್ದದ್ದು ಅದಕ್ಕೇ. ಯಾರು ಲಾಗಿನ್ ಆಗಿದ್ದಾರೋ ಅವರ ಕೇಂದ್ರದ ಹೆಸರನ್ನು ಪುಟ ಎತ್ತಿಕೊಳ್ಳುತ್ತಿತ್ತು. ಸಂಜೆ ಆರಕ್ಕೆ ಸರ್ವರ್ ಒಂದೇ. ಲಾಗಿನ್ ಆದವರು ಯಾರೂ ಇಲ್ಲ. ಯಾರೂ ಇಲ್ಲದಿದ್ದರೆ ಪಟ್ಟಿಯ ಮೊದಲ ಕೇಂದ್ರ ಹಾಕು ಎಂದು ಬರೆದವಳು ಅವಳೇ. ಪಟ್ಟಿಯಲ್ಲಿ ಮೊದಲ ಹೆಸರು ದೇವದುರ್ಗ.

ದೇವದುರ್ಗಕ್ಕೆ ಫೋನ್ ಹಚ್ಚಿದಳು. ನರ್ಸ್ ಮೆಹನಾಜ್ ಎತ್ತಿದಳು.

"ಅಕ್ಕಾ, ನಾಕೂ ಮಂದಿ ಇಲ್ಲೇ ಬಂದಾರ. ನಮ್ಮ ಮಷಿನ್ ಹತ್ತರತನಕ ತುಂಬ್ಯಾವ. ತಿಮ್ಮವ್ವಗ ಉಸಿರು ಹತ್ತಾಕತ್ತೇದ."

"ಗಾಡಿ ಮಾಡಿ ಮಾನ್ವಿಗೆ ಕಳಸಲಾ?"

"ದಾರ್ಯಾಗ ಏನರ ಆದ್ರ ಯಾರು ನೋಡಾವ್ರು? ತಡಿ, ಡಾಕ್ಟರ್ ಬಂದ್ರು."

ಫೋನ್ ಹಾಗೇ ತೆರೆದಿತ್ತು. ಮಷಿನ್‌ಗಳ ಬೀಪ್, ಯಾರದೋ ಕೆಮ್ಮು. ಆಮೇಲೆ ಒಬ್ಬ ಮುದುಕನ ದನಿ.

"ನಂದು ಇನ್ನ ಮುಕ್ಕಾಲು ತಾಸು ಉಳದದ, ಅಲ್ರಿ? ನನ್ನ ಇಳಸ್ರಿ. ಆಕಿನ್ನ ಹತ್ತಸ್ರಿ."

"ಬೂದೆಪ್ಪ, ಮಧ್ಯಾಹ್ನ ಮತ್ತ ಬರಬೇಕಾಗ್ತದ ನೋಡು," ಡಾಕ್ಟರರ ದನಿ.

"ಬರ್ತೀನ್ರೀ. ಮನ್ಯಾಗ ಕುಂತು ನಾನೇನು ರಾಜ್ಯ ಆಳಬೇಕಾಗೇದೇನು?"

ಮೌನೇಶ್ವರಿ ಫೋನನ್ನು ಕಿವಿಗೆ ಒತ್ತಿಕೊಂಡೇ ಮೊದಲ ಕೇಂದ್ರ ಹಾಕು ಎಂಬ ಸಾಲನ್ನು ಅಳಿಸಿದಳು. ಕೇಂದ್ರದ ಹೆಸರು ಇನ್ನು ರೋಗಿಯ ದಾಖಲೆಯಿಂದಲೇ ಬರಬೇಕು. ಅದು ಖಾಲಿಯಿದ್ದರೆ ಚೀಟಿ ಹೋಗಲೇಬಾರದು. ಬರೆದು ಮುಗಿಸಿ ಲಾಗೌಟ್ ಆದಳು. ಯಾರೂ ಇಲ್ಲದೆ ಸರ್ವರ್ ಒಂದನ್ನೇ ಓಡಿಸಿ ನೋಡಬೇಕಿತ್ತು. ಈ ಸಲ ತಿಮ್ಮವ್ವನ ಪುಟದಲ್ಲಿ ಮಾನ್ವಿ ಎಂದು ಬಂತು.

ಅರ್ಧ ಗಂಟೆಯ ಮೇಲೆ ಮೆಹನಾಜ್ ಮಾತಾಡಿದಳು.

"ತಿಮ್ಮವ್ವಗ ಮಷಿನ್ ಹಚ್ಚೀವಿ, ಉಸಿರು ಸುಧಾರಿಸ್ತು. ಉಳಿದ ಮೂರು ಮಂದಿ ಹತ್ತು ಗಂಟೆಗೆ ಮಷಿನ್ ಹತ್ತತಾರ. ತಿಮ್ಮವ್ವ ಒಂದ ಕೇಳಾಕತ್ತಾಳ ನೋಡು, ಅಲ್ಲಾಉದ್ದೀನ್ ಯಾಕ ಫೋನ್ ಮಾಡ್ಲಿಲ್ಲ ಅಂತ. ಏನ್ ಹೇಳ್ಲಿ?"



"ನಾನು ಬ್ಯಾಡ ಅಂದಿದ್ದೆ ಅಂತ ಹೇಳು. ಇವತ್ತ ಸಂಜಿಗೆ ಅವನೇ ಫೋನ್ ಮಾಡ್ತಾನಂತ ಹೇಳು."