ಗಾಳಿ ಎಂಬ ಹೆಸರಿಗೆ ನಾನು ಕೊಟ್ಟ ವಿಳಾಸ

ನಾನು ಒಂದು ಪ್ರೋಗ್ರಾಂ. ಕೈಕಾಲಿಲ್ಲ, ನಟ್ಟು ಬೋಲ್ಟೂ ಇಲ್ಲ. ಯಾರಾದರೂ ಒಂದು ಹೆಸರು ಹೇಳಿ ಕೇಳಿದರೆ ಅದರ ವಿಳಾಸ ಕೊಡುವುದಷ್ಟೇ ನನ್ನ ಕೆಲಸ. ಹುಟ್ಟಿದ್ದು ಕರಾವಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ. ವಾಮನ ಶೆಣೈ ಎಂಬ ಮೇಷ್ಟ್ರು ನಶ್ಯ ಏರಿಸುತ್ತ, ಸೀನುತ್ತ ನನ್ನನ್ನು ಬರೆದರು.

ದೊಡ್ಡ ಲೆಕ್ಕವನ್ನು ಒಂದೇ ಕಂಪ್ಯೂಟರ್ ಮಾಡಿ ಮುಗಿಸಲಾರದು. ಅದನ್ನು ತುಂಡು ಮಾಡಿ ಹತ್ತಾರು ಕಂಪ್ಯೂಟರುಗಳಿಗೆ ಹಂಚುತ್ತಾರೆ. ಎಲ್ಲವೂ ಒಟ್ಟಿಗೇ ಓಡುತ್ತವೆ, ಆದರೆ ಒಂದರೊಳಗೆ ಇರುವುದು ಇನ್ನೊಂದಕ್ಕೆ ಕಾಣದು. ಸಂದೇಶ ಕಳಿಸಿಯೇ ಮಾತಾಡಬೇಕು. ಅದಕ್ಕೆ ವಿಳಾಸ ಬೇಕು, ವಿಳಾಸವೋ ಓಡಿಸಿದಾಗಲೆಲ್ಲ ಬದಲಾಗುತ್ತದೆ. ಹಾಗಾಗಿ ಓಡಲು ಶುರುವಾದ ಪ್ರೋಗ್ರಾಂ ಮೊದಲು ನನ್ನ ಬಳಿ ಬಂದು ತನ್ನ ಹೆಸರು, ವಿಳಾಸ ಹೇಳಿ ಹೋಗುತ್ತದೆ. ಬೇಕಾದವರು ನನ್ನನ್ನು ಕೇಳುತ್ತಾರೆ. ಅದೇ ಹೆಸರು ಹೇಳಿಕೊಂಡು ಇನ್ನೊಬ್ಬರು ಬಂದರೆ ಹಳೆಯದನ್ನು ಅಳಿಸಿ ಹೊಸ ವಿಳಾಸ ಇಟ್ಟುಕೊಳ್ಳುತ್ತೇನೆ. ಮೇಷ್ಟ್ರು ನನ್ನನ್ನು ಮಾಡಿದ್ದೇ ಹಾಗೆ.

"ಸುಮ್ಮನೆ ತೋರಿಸ್ಲಿಕ್ಕೆ ಓಡಿಸುವುದಾದ್ರೆ ಬೇರೆ ಹೆಸರು ಕೊಡಿ. ಇದಕ್ಕೆ ಅಸಲು ಯಾವುದು ನಕಲಿ ಯಾವುದು ಅಂತ ಗೊತ್ತಾಗ್ಲಿಕ್ಕಿಲ್ಲ" ಎಂದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಆ ಮಾತನ್ನು ಕಿವಿಗೆ ಹಾಕಿಕೊಂಡವಳು ಒಬ್ಬಳೇ, ಹೇಮಲತಾ ಪುತ್ರನ್. ಕಡಲ ಅಲೆಯ ಮುನ್ಸೂಚನೆ ಕೊಡುವ ಕೇಂದ್ರದಲ್ಲಿ ಕೆಲಸ ಸಿಕ್ಕಾಗ ಮೇಷ್ಟ್ರ ಒಪ್ಪಿಗೆ ಪಡೆದು ನನ್ನನ್ನೂ ಕರೆದುಕೊಂಡು ಹೋದಳು.

ಅಲ್ಲಿ ಎರಡು ದೊಡ್ಡ ಪ್ರೋಗ್ರಾಂಗಳಿದ್ದವು. ಒಂದರ ಹೆಸರು 'ಗಾಳಿ', ಇನ್ನೊಂದರದ್ದು 'ಅಲೆ'. ದಿನಾ ಮಧ್ಯಾಹ್ನ ಅಲೆ ಎದ್ದು "ಗಾಳಿ ಎಲ್ಲಿ?" ಎಂದು ನನ್ನನ್ನು ಕೇಳುತ್ತಿತ್ತು. ನಾನು ಹೇಳುತ್ತಿದ್ದೆ. ಗಾಳಿ ಕೊಟ್ಟ ಅಂಕಿಗಳಿಂದ ನಾಳೆ ಕಡಲು ಹೇಗಿರುತ್ತದೆಂದು ಅಲೆ ಲೆಕ್ಕ ಹಾಕಿ ಬಂದರಿನ ಸೂಚನಾ ಬೋರ್ಡಿಗೆ ಕಳಿಸುತ್ತಿತ್ತು. ಹೇಮಲತಾಳ ಅಣ್ಣ ಯಾದವನಿಗೆ ಒಂದು ಮೀನುಗಾರಿಕೆ ಬೋಟ್ ಇತ್ತು. ಬೋರ್ಡಿನ ಮೇಲೆ ಅವನಿಗೆ ನಂಬಿಕೆ ಸಾಲದು. ತಂಗಿಗೇ ಫೋನ್ ಮಾಡಿ ಕೇಳುವನು, ಅವಳು ಹೋಗು ಎಂದರೆ ಹೋಗುವನು. ಆ ಫೋನ್ ಬಂದಾಗಲೆಲ್ಲ ನನಗೂ ಒಂದು ಹೆಮ್ಮೆ. ಎಷ್ಟೆಂದರೂ ಆ ಉತ್ತರದಲ್ಲಿ ನನ್ನದೂ ಪಾಲಿತ್ತು.

ಕೇಂದ್ರದ ಮುಖ್ಯಸ್ಥರು ಸದಾನಂದ ಹೆಬ್ಬಾರರು. ಯಾರು ಬೇಕಾದರೂ ಯಾವ ಹೆಸರನ್ನಾದರೂ ಹಾಕಿಕೊಳ್ಳುವಂತಿದೆ, ಇದಕ್ಕೊಂದು ಬೀಗ ಹಾಕೋಣ ಎಂದು ಹೇಮಲತಾ ಹೆಬ್ಬಾರರನ್ನು ಕೇಳಿದಳು.

"ಓಡ್ತಾ ಉಂಟಲ್ಲ ಮಾರಾಯ್ರೆ, ಸುಮ್ಮನೆ ಎಂತಕ್ಕೆ ಮುಟ್ಲಿಕ್ಕೆ ಹೋಗೂದು?" ಎಂದರು ಅವರು.

ಒಂದು ದಿನ ಬೆಳಿಗ್ಗೆ ರಾಜಧಾನಿಯಿಂದ ದೊಡ್ಡವರು ಬಂದರು. ಹೆಬ್ಬಾರರು ಹೇಮಲತಾಳ ಕೈಗೆ ಹೂಗುಚ್ಛ, ಎಳನೀರಿನ ತಟ್ಟೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ಒಳಗೆ ಪರದೆಯ ಮೇಲೆ ಚೆಂದದ ಚಿತ್ರ ಬರಬೇಕಿತ್ತು. ಹೆಬ್ಬಾರರು ಹೋದ ವರ್ಷದ ತಿಳಿಯಾದ ದಿನವೊಂದರ ಅಂಕಿಗಳನ್ನು ತುಂಬಿ ಒಂದು ನಕಲಿ ಗಾಳಿಯನ್ನು ಓಡಿಸಿದರು. ಚಿತ್ರ ಬರೆಯುವ ಪ್ರೋಗ್ರಾಂ 'ಗಾಳಿ' ಎಂದೇ ಕೇಳುತ್ತದೆ. ಅದನ್ನು ತಿದ್ದಲು ಸೋಮಾರಿತನ. ಆದ್ದರಿಂದ ನಕಲಿಗೂ ಅದೇ ಹೆಸರು ಕೊಟ್ಟುಬಿಟ್ಟರು. ನಾನು ಹೊಸ ವಿಳಾಸ ಇಟ್ಟುಕೊಂಡೆ. ಚಪ್ಪಾಳೆ ಆಯಿತು, ಫೋಟೋ ಆಯಿತು. ನಕಲಿಯನ್ನು ನಿಲ್ಲಿಸದೆ ಎಲ್ಲರೂ ಊಟಕ್ಕೆ ಹೊರಟರು.

ಮಧ್ಯಾಹ್ನ ಅಲೆ ಎದ್ದು ಎಂದಿನಂತೆ ಕೇಳಿತು. ನನ್ನಲ್ಲಿದ್ದ ವಿಳಾಸ ಕೊಟ್ಟೆ. ಅಸಲು ಗಾಳಿ ಪಕ್ಕದಲ್ಲೇ ಬಿರುಗಾಳಿಯ ಅಂಕಿ ಹಿಡಿದುಕೊಂಡು ಕಾಯುತ್ತಿತ್ತು. ಅದನ್ನು ಕೇಳುವವರೇ ಇರಲಿಲ್ಲ. ಕಡಲು ಶಾಂತ ಎಂದು ಬೋರ್ಡಿಗೆ ಹೋಯಿತು. ಯಾದವ ಫೋನ್ ಮಾಡಿದ.

"ಹೋಗಿ ಬಾ ಅಣ್ಣ, ಏನೂ ತೊಂದರೆ ಇಲ್ಲ" ಎಂದಳು ಹೇಮಲತಾ.

ಮರುದಿನ ಬೋಟ್ ಮಗುಚಿತು. ಜೊತೆಗಿದ್ದವರನ್ನು ಬೇರೆ ಬೋಟಿನವರು ಎಳೆದುಕೊಂಡರು. ಯಾದವ ಸಿಗಲಿಲ್ಲ.

ವಿಚಾರಣೆಗೆ ಸಮಿತಿ ಬಂತು. ಅಷ್ಟರಲ್ಲಿ ಹೇಮಲತಾ ಎಲ್ಲವನ್ನೂ ಹುಡುಕಿ ತಿಳಿದುಕೊಂಡಿದ್ದಳು. ಹೆಬ್ಬಾರರು ಅವಳನ್ನು ಕರೆದು, ದನಿ ಏರಿಸದೆ, ತುಂಬ ಮರ್ಯಾದೆಯಿಂದಲೇ ಮಾತಾಡಿದರು.

"ಅಣ್ಣನಿಗೆ ಹೋಗು ಅಂತ ಹೇಳಿದ್ದು ನೀವು. ಅಮ್ಮನಿಗೆ ಗೊತ್ತುಂಟಾ?"

ಹೆಬ್ಬಾರರು ಮೊದಲೇ ಬರೆದಿಟ್ಟಿದ್ದ ಹೇಳಿಕೆಯನ್ನು ಅವಳ ಮುಂದೆ ಸರಿಸಿದರು.

"ಕಂಪ್ಯೂಟರ್ ತಪ್ಪು ವಿಳಾಸ ಕೊಟ್ಟಿತು ಅಂತಾದ್ರೆ ನಿಮಗೂ ಒಳ್ಳೇದು, ನನಗೂ ಒಳ್ಳೇದು. ಆಲೋಚನೆ ಮಾಡಿ."

ಅವಳು ಸಹಿ ಹಾಕಿದಳು. ತಪ್ಪು ನನ್ನದೆಂದು ತೀರ್ಮಾನವಾಯಿತು. ನನ್ನನ್ನು ನಿಲ್ಲಿಸಲು ಅವಳೇ ಬಂದಳು. "ನಿಂದು ಎಂತ ತಪ್ಪೂ ಇಲ್ಲ" ಎಂದು ಮೆಲ್ಲಗೆ ಹೇಳಿದಳು. ಸಮಿತಿಯ ಮುಂದೆ ಹೇಳಬೇಕಾದ ಮಾತನ್ನು ಖಾಲಿ ಕೋಣೆಯಲ್ಲಿ ನನಗೆ ಹೇಳಿದರೆ ಏನು ಬಂತು? ನನಗೆ ಅವಳ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ನಾನು ತರಬೇತಿ ಕೋಣೆಯ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿದ್ದೇನೆ. ಹೊಸದಾಗಿ ಸೇರಿದವರಿಗೆ ಹೆಬ್ಬಾರರು ನನ್ನನ್ನು ಓಡಿಸಿ ತೋರಿಸುತ್ತಾರೆ, ಪ್ರೋಗ್ರಾಂ ಹೇಗಿರಬಾರದು ಎಂಬುದಕ್ಕೆ. ಹೊಸಬರು ನಗುತ್ತಾರೆ. ನಾನು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುತ್ತೇನೆ. ಬೇರೆ ಏನು ಮಾಡಲಿ, ನನಗೆ ಬರುವುದೇ ಅಷ್ಟು.

ಗುಡಿಸಲು ಬರುವವರು ಮಾತಾಡಿಕೊಳ್ಳುವುದು ಕಿವಿಗೆ ಬೀಳುತ್ತದೆ. ಹೇಮಲತಾ ಕೆಲಸ ಬಿಟ್ಟು ಮನೆಯಲ್ಲಿದ್ದಾಳಂತೆ. ನನ್ನ ಮಗನನ್ನು ಆ ಹಾಳು ಕಂಪ್ಯೂಟರ್ ತಿಂದುಬಿಟ್ಟಿತು ಎಂದು ಅವಳ ಅಮ್ಮ ಬಂದವರಿಗೆಲ್ಲ ಹೇಳುತ್ತಾರಂತೆ. ಮಗಳು ಪಕ್ಕದಲ್ಲೇ ಕುಳಿತು, "ಹೌದಮ್ಮ" ಎನ್ನುತ್ತಾಳಂತೆ.