ಇಶ್ಬೆಲ್‌ಳ ಪೀಪಾಯಿ

ಇಶ್ಬೆಲ್ ರಟ್ಟಿನ ಪೆಟ್ಟಿಗೆಯನ್ನು ಚಾಕುವಿನಿಂದ ಸೀಳಿ, ಅಂಗಡಿಯಿಂದ ತಂದ ವಿಸ್ಕಿ ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಅಪ್ಪನ ಸ್ವಂತ ಪೀಪಾಯಿಯಿಂದ ಹತ್ತು ದಿನದ ಹಿಂದೆ ತುಂಬಿಸಿದ ಬಾಟಲಿಗಳನ್ನು ಕಾಲಿನಿಂದಲೇ ಮೆಟ್ಟಿಲ ಕೆಳಗೆ ನೂಕಿದಳು. ಅವಕ್ಕೆ ಲೇಬಲ್ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಅಪ್ಪ, ಲಾಕ್ಲನ್ ಮುದುಕ, ಶವಪೆಟ್ಟಿಗೆಯಲ್ಲಿ ಮಲಗಿದ್ದ. ಹನ್ನೆರಡಕ್ಕೆ ಎತ್ತಬೇಕು.

“ಗೋರಿ ಹತ್ರ ನನ್ನ ಪೀಪಾಯಿದೇ ಹಂಚ್ಬೇಕು ಅಂತ ಬಾಯಿಬಿಟ್ಟು ಕೇಳಿದ್ದ ಕಣೇ ಅವನು,” ಎಂದಳು ಎಫೀ ಅತ್ತೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

“ನೀರು ಬೆರೆಸಿದ್ದನ್ನ ಹಂಚಿ ಅಪ್ಪನ ಮಾನ ಕಳೀಲಾ ಅತ್ತೆ?”

“ಬೆರೆಸಿದ್ದನ್ನ ನೀನು ನೋಡಿದೀಯಾ?”

“ಗೋದಾಮಿನ ಬೀಗದ ಕೈ ಯಾರ ಹತ್ರ ಇತ್ತು?”

“ಟೊರ್ಕ್ವಿಲ್ ನಿನ್ನ ಎತ್ತಿ ಆಡಿಸಿದೋನು.”

“ಎತ್ತಿ ಆಡಿಸಿದೋರಿಗೆ ಬಾಯಾರಿಕೆ ಆಗಲ್ವಾ?”

ಅತ್ತೆ ಇನ್ನೊಂದು ಬ್ರೆಡ್ಡಿಗೆ ಕೈ ಹಾಕಿದಳು. ವಿಸ್ಕಿ ಕಾಯಿಸುವ ಆ ದ್ವೀಪದಲ್ಲಿ ಹುಟ್ಟಿದ ಯಾರಿಗೂ ಈ ಕೈಚಳಕ ಹೊಸದಲ್ಲ. ಪೀಪಾಯಿಯಿಂದ ಒಂದು ಬಾಟಲಿ ಎಳೆದುಕೊಂಡು ಒಂದು ಬಾಟಲಿ ನೀರು ಸುರಿದರೆ ಪೀಪಾಯಿ ತುಂಬಿಯೇ ಇರುತ್ತದೆ, ಕಸುವು ಮಾತ್ರ ಇಳಿಯುತ್ತದೆ. ಅಳೆದು ನೋಡುವವರೆಗೂ ಕಳ್ಳ ಸಾಚಾ ಆಗಿಯೇ ಓಡಾಡಿಕೊಂಡಿರಬಹುದು.

*

ಅಳೆದ ದಿನ ಇಶ್ಬೆಲ್ ಅಲ್ಲೇ ಇದ್ದಳು. ಅವಳು ಹುಟ್ಟಿದ ವಾರ ತುಂಬಿಸಿದ ಪೀಪಾಯಿ ಅದು. ನಲವತ್ತೊಂದು ವರ್ಷ ಸಮುದ್ರದ ಕಡೆಯ ಗೋಡೆಗೆ ಒರಗಿ, ಮಣ್ಣಿನ ನೆಲದ ಮೇಲೆ ಕೂತಿತ್ತು. ಕಂಪನಿಯ ಗುಮಾಸ್ತ ಗಾಜಿನ ಕೊಳವೆಯಲ್ಲಿ ತೇಲುವ ಮಾಪಕವನ್ನು ಎರಡೆರಡು ಸಲ ನೋಡಿ, “ಕಸುವು ನೂರಕ್ಕೆ ಮೂವತ್ತೊಂಬತ್ತು ಪಾಯಿಂಟ್ ಒಂದು,” ಎಂದ. “ನಲವತ್ತರ ಕೆಳಗೆ ಇಳಿದ್ರೆ ಇದನ್ನ ವಿಸ್ಕಿ ಅಂತ ಬರೆಯೋ ಹಾಗಿಲ್ಲಮ್ಮ. ಕಾನೂನು.” ಲಾಕ್ಲನ್ ಅಚ್ಚು ಹಾಕಿಸಿಟ್ಟಿದ್ದ ಲೇಬಲ್‌ಗಳು ಕಟ್ಟು ಬಿಚ್ಚದೆ ಹಾಗೇ ಉಳಿದವು.

ಕಂಪನಿಯ ಗೋದಾಮಿನ ಉಸ್ತುವಾರಿ ನೋಡುತ್ತಿದ್ದ, ಅಪ್ಪನ ಹಳೆಯ ಗೆಳೆಯ ಟೊರ್ಕ್ವಿಲ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ಅಲ್ಲಿಂದ ಶುರುವಾಯಿತು ಅವಳ ಅನುಮಾನ.

ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಪ್ಪ ಕೇಳಿದ: “ಎಷ್ಟು ಬಂತು?”

“ನಲವತ್ಮೂರು,” ಎಂದಳು ಇಶ್ಬೆಲ್. ಸಾಯುವವನ ಮುಂದೆ ಬೇರೇನು ಹೇಳಿಯಾಳು?

ಅಪ್ಪ ಅವಳ ಕೈ ತಟ್ಟಿ, ಗೋಡೆಯ ಕಡೆ ಹೊರಳಿ ಮಲಗಿದ.

*

ಹನ್ನೊಂದಕ್ಕೆ ಮನೆ ತುಂಬಿತು. ಟೊರ್ಕ್ವಿಲ್ ಹಳೆಯ ಕರಿ ಕೋಟು ತೊಟ್ಟು ಬಂದವನು ಸತ್ತವನ ಕೋಣೆಗೆ ಹೋಗಿ ಬಂದು, ಮೇಜಿನ ಮೇಲಿದ್ದ ಬಾಟಲಿಗಳನ್ನು ನೋಡಿದ. ಆಮೇಲೆ ಮೆಟ್ಟಿಲ ಕೆಳಗೆ ನೋಡಿದ. ಕಳ್ಳನ ಕಣ್ಣು ಹೋಗಬೇಕಾದಲ್ಲಿಗೇ ಹೋಗುತ್ತದೆ ಎಂದುಕೊಂಡ ಇಶ್ಬೆಲ್ ಅವನನ್ನು ಹಿತ್ತಲಿಗೆ ಕರೆದಳು.

“ಮಾಮ, ಎಷ್ಟು ವರ್ಷದಿಂದ ಕುಡೀತಿದ್ದೆ?”

“ಏನನ್ನ?”

“ನಮ್ಮಪ್ಪನ ಪೀಪಾಯೀನ.”

ಟೊರ್ಕ್ವಿಲ್‌ಗೆ ಸಿಟ್ಟು ಬರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

“ಒಂದು ಹನಿ ಮುಟ್ಟಿಲ್ಲ ಕಣಮ್ಮ. ಆ ಗೋಡೆ ಪಕ್ಕ ತೇವ ಜಾಸ್ತಿ. ಅಲ್ಲಿ ನೀರು ಉಳಿಯುತ್ತೆ, ಕಸುವು ಹಾರಿಹೋಗುತ್ತೆ. ಯಾವಾಗ ಬಾಟಲಿಗೆ ಇಳಿಸಬೇಕು ಅನ್ನೋದು ಗೊತ್ತಿರಬೇಕು, ಅಷ್ಟೇ.”

“ನಲವತ್ತು ವರ್ಷ ಗೋದಾಮಲ್ಲಿ ದುಡಿದ ನಮ್ಮಪ್ಪಂಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು.”

“ಮತ್ತೆ?”

“ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಅವನಿಗೆ,” ಎಂದ.

“ಚೆನ್ನಾಗಿದೆ. ಸತ್ತೋನು ಬಂದು ಸಾಕ್ಷಿ ಹೇಳಲ್ಲ. ನೀನು ಸ್ಮಶಾನಕ್ಕೆ ಬರೋದು ಬೇಡ ಮಾಮ.”

ಟೊರ್ಕ್ವಿಲ್‌ನ ಮುಖ ಆಗ ಬಿಳಿಚಿಕೊಂಡಿತು. ಗೇಟು ದಾಟಿ ಹೋದ. ಹೋದವನು ಕಾಲು ಗಂಟೆಯಲ್ಲಿ ಏದುಸಿರು ಬಿಡುತ್ತ ವಾಪಸು ಬಂದು, ಒಂದು ಮರದ ಡಬ್ಬಿಯನ್ನು ಹಿತ್ತಲ ಕಲ್ಲಿನ ಮೇಲಿಟ್ಟ. ಒಳಗೆ ಬೆರಳುದ್ದದ ಶೀಷೆಗಳು. ವರ್ಷಕ್ಕೊಂದರಂತೆ ಪೀಪಾಯಿಯಿಂದ ತೆಗೆದಿಟ್ಟ ಮಾದರಿಗಳು. ಒಂದೊಂದರ ಕೊರಳಿಗೂ ಅಪ್ಪನ ಅಕ್ಷರದ ಚೀಟಿ.

“ಓದು. ಇದಾದ್ಮೇಲೂ ಬರಬೇಡ ಅಂದ್ರೆ ಬರಲ್ಲ.”

ಇಶ್ಬೆಲ್ ಕೊನೆಯ ಐದನ್ನು ಓದಿದಳು.

*41.8. ಇಳಿಸಬೇಕು. ಇಶ್ಬೆಲ್ ಗ್ಲಾಸ್ಗೋದಲ್ಲಿ ಯಾರನ್ನೋ ನೋಡಿಕೊಂಡಿದ್ದಾಳಂತೆ. ಮದುವೆಗೇ ಇಳಿಸೋಣ.*

*41.1. ಈಸ್ಟರಿಗೆ ಕರೆದುಕೊಂಡು ಬರುತ್ತಾಳೆ.*

*40.6. ಬರಲಿಲ್ಲ. ಕೆಲಸ ಜಾಸ್ತಿಯಂತೆ.*

*40.1. ಟೊರ್ಕ್ವಿಲ್ ಬೈಯುತ್ತಾನೆ. ಇನ್ನೊಂದೇ ವರ್ಷ.*

*39.6. ಅವಳಿಗೆ ಹೇಳಬೇಡ.*

ಅವಳು ಕೊನೆಯ ಶೀಷೆಯನ್ನು ಡಬ್ಬಿಯೊಳಗೆ ಇಟ್ಟಳು. ರೂರಿ ಎಂಬ ಆ ಗ್ಲಾಸ್ಗೋದ ಮನುಷ್ಯ ಅವಳನ್ನು ಬಿಟ್ಟು ಹೋದದ್ದು ಆ ಐದರಲ್ಲಿ ಮೊದಲ ಚೀಟಿಯ ವರ್ಷವೇ, ಕ್ರಿಸ್ಮಸ್ಸಿಗೂ ಮುಂಚೆ. ಅಪ್ಪ ಫೋನಿನಲ್ಲಿ ಕೇಳಿದಾಗಲೆಲ್ಲ “ನೋಡೋಣ ಅಪ್ಪ, ಬರೋ ವರ್ಷ,” ಎನ್ನುತ್ತಿದ್ದಳು. ಮುದುಕ ನೊಂದುಕೊಳ್ಳುವುದು ಬೇಡ ಎಂದಷ್ಟೇ ಅಲ್ಲ. ಹೇಳಲು ನಾಚಿಕೆಯೂ ಆಗಿತ್ತು.

“ಮಾಮ, ಅವನು ಯಾವತ್ತೋ ಹೋದ,” ಎಂದಳು. “ನಾನು ಅಪ್ಪಂಗೆ ಹೇಳಲೇ ಇಲ್ಲ.”

ಟೊರ್ಕ್ವಿಲ್ ಡಬ್ಬಿಯ ಮುಚ್ಚಳ ಹಾಕಿದ.

“ಒಂದ್ಮಾತು ಹೇಳಿದ್ರೆ ಅವತ್ತೇ ಇಳಿಸಿರೋನು,” ಎಂದ. ಬೈದಂತೆ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

*

ಮಣ್ಣು ಮುಚ್ಚಿದ ಮೇಲೆ, ಗಾಳಿಗೆ ಬೆನ್ನು ಕೊಟ್ಟು ನಿಂತ ಜನರ ನಡುವೆ ಟೊರ್ಕ್ವಿಲ್ ಲೇಬಲ್ಲಿಲ್ಲದ ಬಾಟಲಿಗಳ ಬಿರಡೆ ತೆಗೆದ. ಇಶ್ಬೆಲ್ ತಟ್ಟೆ ಹಿಡಿದು ಹಂಚಿದಳು.

“ಯಾವ್ದು ಕಣೇ ಇದು?” ಎಫೀ ಅತ್ತೆ ಗುಟುಕರಿಸಿ ಕೇಳಿದಳು. “ಇಷ್ಟು ಮೆತ್ತಗಿದೆ.”

“ನನ್ನ ಮದುವೇದು ಅತ್ತೆ,” ಎಂದಳು ಇಶ್ಬೆಲ್.

ಯಾರೂ ನಗಲಿಲ್ಲ. ಅವಳು ತನ್ನ ಲೋಟವನ್ನು ಒಂದೇ ಗುಟುಕಿಗೆ ಎತ್ತಿ, ಗಂಟಲು ಉರಿಯುವುದನ್ನು ಕಾಯುತ್ತ ನಿಂತಳು. ಉರಿಯಲಿಲ್ಲ. ಅವಳು ಖಾಲಿ ಲೋಟವನ್ನು ಮತ್ತೆ ಟೊರ್ಕ್ವಿಲ್‌ನ ಮುಂದೆ ಚಾಚಿದಳು.